ನೂರಾ ಒಂದು ಬಾವಿ, ಒಂದು ಕಡಗ: ನನ್ನ ಅನುಭವ

ಯುಗಾದಿ ಆದ ಮೇಲಿನ ಭಾನುವಾರ ನಮ್ಮ ಗುಂಪು ಕಡಗವನ್ನು ನಾಶ ಮಾಡಿತು. ಹುಬ್ಬಳ್ಳಿಯ ಒಂದು ಟ್ಯೂಷನ್ ಕೋಣೆ, ಐದು ಜನ, ಹದಿನಾರು ವಾರ. ಇದು ಮೇಜಿನ ಸುತ್ತ ಕೂತು ಆಡುವ ಕತೆಯ ಆಟ: ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಏನು ಮಾಡುತ್ತೇವೆ ಎಂದು ಹೇಳುತ್ತಾರೆ, ಅದು ಕೈಗೂಡಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಮೊದಲಿಂದ ಕೊನೆವರೆಗೆ ಆಟ ಕನ್ನಡದಲ್ಲೇ ನಡೆಯಿತು. "ಮಾಯದ ವಸ್ತು ಒಯ್ದು ಹಾಳ ಮಾಡೋ ಕತಿ ಹಳೇದಾತು. ಅದ್ರಾಗ ಕನ್ನಡದಾಗ ಬ್ಯಾರೆ. ಎರಡನೇ ವಾರ ಯಾರೂ ಬರಂಗಿಲ್ಲ ನೋಡು" ಎಂದು ನನ್ನಂತೆಯೇ ಆಟ ನಡೆಸುವ ಗೆಳೆಯರು ಹೇಳಿದ್ದರು. ಐದೂ ಜನ ಕೊನೆವರೆಗೂ ಬಂದರು. ಅದರಲ್ಲಿ ಒಬ್ಬಳು ಗದಗದಿಂದ ರೈಲು ಹಿಡಿದು ಬರುತ್ತಿದ್ದಳು.

ಪಾತ್ರ ಬರೆಯುವುದು, ಸರದಿ ಹಾಕುವುದು ಹೇಗೆ ಎಂದು ಇಲ್ಲಿ ಹೇಳುವುದಿಲ್ಲ. ಎಲ್ಲಿ ಕೆಟ್ಟಿತು ಎನ್ನುವುದನ್ನು ಹೇಳುತ್ತೇನೆ.

ಮೊದಲ ಸಲ ಮೂರು ವರ್ಷದ ಹಿಂದೆ. ಕಪ್ಪತಗುಡ್ಡದಲ್ಲಿ ಒಬ್ಬ ಮುದುಕ ಚಿನ್ನದ ಕಡಗ ಕೊಡುತ್ತಾನೆ. ತೊಟ್ಟವರು ನಿಧಾನಕ್ಕೆ ಕೆಟ್ಟವರಾಗುತ್ತಾರೆ. ಅದನ್ನು ನಾಶ ಮಾಡಬೇಕು. ಇಷ್ಟು ಹೇಳಿ ಅರ್ಧ ತಾಸು ಆಗಿರಲಿಲ್ಲ, ಒಬ್ಬ ಹುಡುಗ ಕೇಳಿದ: "ಕೆಟ್ಟದ್ದು ಅಂದ್ರ ಹೊತ್ಕೊಂಡು ಯಾಕ ತಿರಗೂದ್ರಿ? ತುಂಗಭದ್ರಾಕ್ಕ ಒಗದೆ ನೋಡ್ರಿ." ನಾನು ಮೀನಿನ ಹೊಟ್ಟೆಯಿಂದ ಕಡಗ ವಾಪಸ್ ತರಿಸಿದೆ. ಎಲ್ಲರ ಮುಖ ಬಾಡಿತು. ಮುಂದಿನ ವಾರ ಇಬ್ಬರು ಬಂದರು, ಅದರ ಮುಂದಿನ ವಾರ ಯಾರೂ ಇಲ್ಲ. ಫ್ಲೆಕ್ಸ್ ನಕ್ಷೆಗೆ 400, ಇಪ್ಪತ್ತು ಮುಖದ ದಾಳ ತರಿಸಿದ್ದಕ್ಕೆ ಸಾವಿರದ ಹತ್ತಿರ. ಎಲ್ಲ ಹೋಯಿತು.

ಎರಡನೇ ಸಲ ಅಕ್ಕಸಾಲಿಯ ಹತ್ತಿರ ಒಯ್ದರು. ಕರಗುವುದಿಲ್ಲ ಎಂದೆ. ಆಡಲು ಬಂದವನೊಬ್ಬನ ಮನೆಯಲ್ಲಿ ಬಂಗಾರದ ಕೆಲಸ ಮಾಡುತ್ತಾರೆ. ಅವನು ಬಿಡಲಿಲ್ಲ: "ಬಂಗಾರ 1064 ಡಿಗ್ರಿಗೆ ಕರಗೇ ಕರಗ್ತದ್ರಿ ಸರ್. ಮೂಸೆ, ಬಿಳಿಗಾರ, ಒಳ್ಳೆ ಉರಿ ಇದ್ರ ಸಾಕು." ಅವನು ಹೇಳಿದ್ದು ಸರಿ. ಅವತ್ತೇ ತೀರ್ಮಾನ ಮಾಡಿದೆ, ನನ್ನ ಆಟದಲ್ಲಿ ಬಂಗಾರ ಬಂಗಾರದ ಹಾಗೆಯೇ ಇರುತ್ತದೆ. ಕರಗಿಸಿ, ತಂತಿ ಎಳೆಯಿರಿ, ಕತ್ತರಿಸಿ. ಆದರೆ ಕರಗಿದರೂ ಅದು ಬಂಗಾರವೇ, ಅಲ್ವಾ? ಹಾಗೆಯೇ ಶಕ್ತಿಯೂ ಗಟ್ಟಿಯಲ್ಲಿ ಉಳಿಯುತ್ತದೆ. ನಾಶ ಅಂದರೆ ಏನು ಎನ್ನುವುದು ಅಲ್ಲಿಂದ ಆಡುವವರ ತಲೆನೋವಾಯಿತು. ಇದೊಂದರಿಂದ ಅರ್ಧ ಆಟ ಸರಿಹೋಯಿತು.

ಇನ್ನರ್ಧ ಹೊಳೆಯಲು ಒಂದು ವರ್ಷ ಬೇಕಾಯಿತು. ಕೇಡು ತೊಟ್ಟವನಿಗೇ ಆಗುವುದಾದರೆ ಯಾರು ತೊಡುತ್ತಾರೆ? ಲಾಭ ತೊಟ್ಟವನಿಗೆ ಸಿಗಬೇಕು, ಕೇಡು ದೂರದ ಯಾರಿಗೋ ಆಗಬೇಕು. ನಮ್ಮ ಕಡೆ ಎಲ್ಲರಿಗೂ ಬೇಕಾದ್ದು ನೀರು. ಗದಗದ ಹತ್ತಿರದ ಲಕ್ಕುಂಡಿಗೆ ನೂರಾ ಒಂದು ಗುಡಿ, ನೂರಾ ಒಂದು ಬಾವಿ ಎನ್ನುವ ಮಾತು ನಿಮಗೆ ಗೊತ್ತಿದೆ. ಅಲ್ಲಿ ಹಿಂದೆ ಟಂಕಸಾಲೆ ಇತ್ತು, ಲೊಕ್ಕಿ ಗದ್ಯಾಣ ಎಂಬ ಚಿನ್ನದ ನಾಣ್ಯ ಅಲ್ಲಿಯದು. ಅದೇ ಬಂಗಾರದ ಕಡಗ ಮಾಡಿದೆ. ತೊಟ್ಟು ಕೇಳಿದರೆ ನಿಂತಲ್ಲಿ ನೀರು ಬರುತ್ತದೆ. ಒಂದು ಸಲ ಕೇಳಿದರೆ ಲಕ್ಕುಂಡಿಯ ಒಂದು ಬಾವಿ ಬತ್ತುತ್ತದೆ.

ಮೇಜಿನ ನಡುವೆ ಮಣ್ಣಿನ ಕುಡಿಕೆ, ಅದರಲ್ಲಿ 101 ಹುಣಸೆ ಬೀಜ. ಕಡಗ ಬಳಸಿದಾಗಲೆಲ್ಲ ಬಳಸಿದವರೇ ಒಂದು ಬೀಜ ತೆಗೆದು ಖಾಲಿ ಸ್ಟೀಲ್ ತಟ್ಟೆಗೆ ಹಾಕಬೇಕು. ಆ ಟಣ್ ಎನ್ನುವ ಸದ್ದು ಬಹಳ ಮುಖ್ಯ, ಪ್ಲಾಸ್ಟಿಕ್ ತಟ್ಟೆ ಇಡಬೇಡಿ. ಮೂರನೇ ವಾರಕ್ಕೆ ಕಡಗ ನಾಶ ಮಾಡುವ ಮಾತನ್ನೇ ಎಲ್ಲರೂ ಬಿಟ್ಟಿದ್ದರು. ಒಬ್ಬನಿಗೆ ನವಲಗುಂದದ ಎರೆ ಹೊಲಕ್ಕೆ ನೀರು ಬೇಕು, ಇನ್ನೊಬ್ಬಳಿಗೆ ತವರಿನ ಕೆರೆ ತುಂಬಬೇಕು. ನನಗೆ ಬೇಕಿದ್ದುದು ಅದೇ.

ದಾಳ ಬಿಟ್ಟು ಕವಡೆಗೆ ಬಂದದ್ದೂ ಆಗಲೇ. ಇಪ್ಪತ್ತು ಮುಖದ ದಾಳದಲ್ಲಿ 1 ಬೀಳಲೂ 20 ಬೀಳಲೂ ಒಂದೇ ಅವಕಾಶ. ಆರು ಕವಡೆ 64 ಬಗೆಯಲ್ಲಿ ಬೀಳಬಹುದು. ಅದರಲ್ಲಿ 20 ಬಗೆಯಲ್ಲಿ ಮೂರು ಅಂಗಾತ, ಮೂರು ಬೋರಲು. ಆರೂ ಅಂಗಾತ ಬೀಳುವುದು ಒಂದೇ ಬಗೆ. ಹಾಗಾಗಿ ಆರು ಬಿದ್ದ ದಿನ ಕೋಣೆಯಲ್ಲಿ ಎಲ್ಲರೂ ಎದ್ದು ನಿಲ್ಲುತ್ತಾರೆ. ಆದರೆ ಎಲ್ಲ ಕವಡೆಯೂ ಎರಡೂ ಕಡೆ ಸಮ ಬೀಳುವುದಿಲ್ಲ. ನಾನು ಇನ್ನೂರು ಸಲ ಎಸೆದು ನೋಡಿ ಹೆಚ್ಚುಕಡಿಮೆ ಸಮ ಬೀಳುವ ಆರನ್ನು ಆರಿಸಿದೆ. ಖರ್ಚು 60 ರೂಪಾಯಿ.

ಕಡಗ ಕೈಗೆ ಭಾರ ಅನ್ನಿಸಬೇಕು. ಪ್ಲಾಸ್ಟಿಕ್ ಬಳೆ ಇಟ್ಟು ನೋಡಿದೆ, ಯಾರೂ ಲಕ್ಷ್ಯ ಕೊಡಲಿಲ್ಲ. ಆಮೇಲೆ ದಪ್ಪನೆಯ ಹಿತ್ತಾಳೆ ಕಡಗ ತಂದೆ, ಇನ್ನೂರೈವತ್ತು ಕೊಟ್ಟ ನೆನಪು. ಆಟದ ಮೊದಲು ಅದನ್ನು ನಾನು ಒಂದು ಕಡೆ ಇಟ್ಟಿರುತ್ತೇನೆ. ಎಲ್ಲಿ, ಯಾಕೆ ಎನ್ನುವುದನ್ನು ಈಗ ಹೇಳುವುದಿಲ್ಲ. ಪ್ರತಿ ವಾರ ಒಬ್ಬರಿಗೆ ಕೊಡುವ ಚೀಟಿಯಲ್ಲಿ ಏನಿರುತ್ತದೆ ಎನ್ನುವುದನ್ನೂ ಹೇಳುವುದಿಲ್ಲ.

ಒಂದು ಭಾನುವಾರ ಎಲ್ಲರನ್ನೂ ಲಕ್ಕುಂಡಿಗೆ ಕರೆದುಕೊಂಡು ಹೋದೆ. ಮುಸುಕಿನ ಬಾವಿಯ ಹತ್ತಿರ ಕೂತು ಆಡುವ ಆಸೆ. ಬಸ್ಸು, ಊಟ ಸೇರಿ ನನ್ನ ಕೈಯಿಂದ 1,400 ಹೋಯಿತು, ಆಟ ಒಂದು ಸರದಿಯೂ ನಡೆಯಲಿಲ್ಲ. ಕಲ್ಲಿನ ಮೆಟ್ಟಿಲು, ಗೋಡೆಯ ಸಣ್ಣ ಗೂಡುಗಳನ್ನು ನೋಡುತ್ತ ಸುಮ್ನೆ ಕೂತರು. ದುಡ್ಡು ದಂಡ ಅಂದುಕೊಂಡೆ. ಆದರೆ ಮುಂದಿನ ಎರಡು ವಾರ ಯಾರೂ ಕುಡಿಕೆಗೆ ಕೈ ಹಾಕಲಿಲ್ಲ.

ಕೋಣೆಗೆ ವಾರಕ್ಕೆ 300, ಗಿರ್ಮಿಟ್ಟು, ಮಿರ್ಚಿ, ಚಹಾಕ್ಕೆ ಇನ್ನೂರರ ಮೇಲೆ. ಈ ಸಲ ವಾರಕ್ಕೆ ತಲಾ 100 ಎತ್ತಿದ್ದರಿಂದ ಹೆಚ್ಚುಕಡಿಮೆ ಸರಿಹೋಯಿತು. ಹಿಂದಿನ ಎರಡು ಸಲದ ಏಳೆಂಟು ಸಾವಿರ ನನ್ನ ಲೆಕ್ಕಕ್ಕೇ ಉಳಿಯಿತು.

ಕೊನೆಯ ದಿನ ಕುಡಿಕೆಯಲ್ಲಿ 23 ಬೀಜ, ತಟ್ಟೆಯಲ್ಲಿ 78. ದಾರಿ ಅವರೇ ಕಂಡುಕೊಂಡರು. ಕಡಗ ಕರಗಿಸಿ 78 ಚೂರು ಮಾಡಿಸಿದರು. ಬತ್ತಿದ ಒಂದೊಂದು ಬಾವಿಗೆ ಒಂದೊಂದು ಚೂರು. ಚೂರು ಬಿದ್ದ ಹಾಗೆ ಒಂದೊಂದು ಬೀಜ ತಟ್ಟೆಯಿಂದ ಕುಡಿಕೆಗೆ ವಾಪಸ್. ನಾನು ಇದನ್ನು ಬರೆದಿಟ್ಟಿರಲಿಲ್ಲ, ಆದರೆ ಇದಕ್ಕಿಂತ ಒಳ್ಳೆಯದು ನನಗೂ ಹೊಳೆಯುತ್ತಿರಲಿಲ್ಲ. ಅರ್ಧ ತಾಸು ಯಾರೂ ಮಾತಾಡಲಿಲ್ಲ. ಕೊನೆಯ ಬೀಜ ಗದಗದ ಹುಡುಗಿಯ ಕೈಯಲ್ಲಿತ್ತು. ಅದನ್ನು ಹಾಕಿದರೆ ನೀರು ಬಾವಿಗೆ ಮರಳುತ್ತದೆ, ಅವಳ ಪಾತ್ರದ ತವರಿನ ಕೆರೆ ಬತ್ತುತ್ತದೆ. ಬಹಳ ಹೊತ್ತು ಹಿಡಿದುಕೊಂಡೇ ಕೂತಳು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಹಾಕಿದಳು.

ಅಷ್ಟು ಹೊತ್ತಿಗೆ ಅವಳ ರೈಲು ಹೋಗಿತ್ತು. ನಾನೇ ಸ್ಕೂಟರ್ ಮೇಲೆ ಬಸ್ ನಿಲ್ದಾಣಕ್ಕೆ ಬಿಟ್ಟು ಬಂದೆ.