ಗೃಹಪ್ರವೇಶಕ್ಕೆ ಸಿಕ್ಕ ಒಂದು ಘಳಿಗೆ: ನಾನು ಪಂಚಾಂಗ ನೋಡಿ ಮುಹೂರ್ತ ಹುಡುಕುವ ರೀತಿ

ನಮ್ಮ ಮನೆಯಲ್ಲಿ ಯಾರದ್ದಾದರೂ ಮದುವೆ, ನಾಮಕರಣ, ಗೃಹಪ್ರವೇಶ ಅಂತ ಮಾತು ಬಂದರೆ ಮೊದಲ ಫೋನು ನನಗೇ ಬರುತ್ತದೆ. ನಾನು ಪುರೋಹಿತನಲ್ಲ, ಜ್ಯೋತಿಷಿಯೂ ಅಲ್ಲ. ಪಂಚಾಂಗ ಓದಲು ಕಲಿತಿದ್ದೇನೆ, ಅಷ್ಟೆ. ನಾನು ನಾಲ್ಕೈದು ದಿನ ಆರಿಸಿ ಕೊಡುತ್ತೇನೆ. ಕೊನೆಯ ಮಾತು ಪುರೋಹಿತರದ್ದು. ಹೀಗೆ ಮಾಡಿದರೆ ಅವರಿಗೂ ಕೆಲಸ ಹಗುರ, ಮನೆಯವರಿಗೂ "ಈ ದಿನ ಯಾಕೆ, ಆ ದಿನ ಯಾಕೆ ಬೇಡ" ಅನ್ನುವುದು ಅರ್ಥವಾಗುತ್ತದೆ.

ಹೊಸದಾಗಿ ಪಂಚಾಂಗ ಹಿಡಿದವರು ಒಳ್ಳೆಯ ದಿನ ಯಾವುದು ಅಂತ ಹುಡುಕುತ್ತಾರೆ. ನಾನು ಉಲ್ಟಾ ಮಾಡುತ್ತೇನೆ. ಬೇಡದ್ದನ್ನು ತೆಗೆಯುತ್ತಾ ಹೋಗುತ್ತೇನೆ, ಉಳಿದದ್ದು ನಮ್ಮದು. ಜರಡಿ ಹಿಡಿದ ಹಾಗೆ. ಮೊದಲು ದೊಡ್ಡ ಕಣ್ಣಿನ ಜರಡಿ, ಆಮೇಲೆ ಸಣ್ಣದು. ಈ ಕ್ರಮ ತಪ್ಪಿದರೆ ತಲೆ ಕೆಡುತ್ತದೆ. ಲಗ್ನ (ಆ ಹೊತ್ತಿಗೆ ಪೂರ್ವದಲ್ಲಿ ಉದಯಿಸುವ ರಾಶಿ) ಎಲ್ಲ ಲೆಕ್ಕ ಹಾಕಿ ಆದ ಮೇಲೆ "ಅಯ್ಯೋ, ಅದು ಅಧಿಕ ಮಾಸ" ಅಂತ ಗೊತ್ತಾದರೆ ಪಟ್ಟ ಶ್ರಮವೆಲ್ಲ ನೀರುಪಾಲು.

ಹಾಗಾಗಿ ಮೊದಲು ತಿಂಗಳು. ಆಷಾಢ ಬೇಡ. ಪಿತೃಪಕ್ಷ ಬೇಡ. ಮದುವೆಗಾದರೆ ಧನುರ್ಮಾಸವೂ ಬೇಡ. ಹೆಚ್ಚುವರಿಯಾಗಿ ಸೇರುವ ಅಧಿಕ ಮಾಸವೂ ಬೇಡ, ಅದು ಸುಮಾರು ಮೂವತ್ತೆರಡು ಮೂವತ್ಮೂರು ತಿಂಗಳಿಗೊಮ್ಮೆ ಬರುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, 2026ರಲ್ಲಿ ಅಧಿಕ ಜ್ಯೇಷ್ಠ. ಆಮೇಲೆ ಗುರು, ಶುಕ್ರ ಅಸ್ತ ನೋಡಬೇಕು. ಈ ಎರಡು ಗ್ರಹ ಸೂರ್ಯನ ಹತ್ತಿರ ಬಂದು ಕಣ್ಣಿಗೆ ಕಾಣದಂತಾದರೆ ಮದುವೆ, ಗೃಹಪ್ರವೇಶ ಮಾಡುವುದಿಲ್ಲ. 2024ರ ಮೇ ತಿಂಗಳಲ್ಲಿ ಇಬ್ಬರೂ ಅಸ್ತವಾಗಿದ್ದರು. ಜೂನ್‌ನಲ್ಲಿ ಗುರು ಕಂಡರೂ ಶುಕ್ರ ಕಾಣಲಿಲ್ಲ. ಬೇಸಿಗೆ ರಜೆಯಲ್ಲಿ ಮದುವೆ ಇಟ್ಟುಕೊಳ್ಳೋಣ ಅಂದುಕೊಂಡಿದ್ದವರಿಗೆಲ್ಲ ಆ ವರ್ಷ ದಿನವೇ ಸಿಗಲಿಲ್ಲ, ನೆನಪಿದೆ ಅಲ್ವಾ?

ಮೊಬೈಲ್ ಆ್ಯಪ್ ಬಳಸುವವರು ಇಲ್ಲಿ ಎರಡು ವಿಷಯ ನೋಡಿಕೊಳ್ಳಿ. ಒಂದು, ಅದರಲ್ಲಿ ಊರು ಯಾವುದು ಅಂತ. ದೆಹಲಿ ಅಂತ ಇದ್ದರೆ ಸೂರ್ಯೋದಯವೇ ಬೇರೆ, ಅಲ್ಲಿಂದ ಮುಂದಿನದ್ದೆಲ್ಲ ಬೇರೆ. ಇನ್ನೊಂದು, ತಿಂಗಳ ಲೆಕ್ಕ ಅಮಾಂತವೋ ಪೂರ್ಣಿಮಾಂತವೋ ಅಂತ. ನಮ್ಮಲ್ಲಿ ಅಮಾವಾಸ್ಯೆಗೆ ತಿಂಗಳು ಮುಗಿಯುತ್ತದೆ. ಉತ್ತರದವರಿಗೆ ಹುಣ್ಣಿಮೆಗೆ. ಹಾಗಾಗಿ ಕೃಷ್ಣಪಕ್ಷದಲ್ಲಿ ಅವರ ಮಾಸದ ಹೆಸರು ನಮ್ಮದಕ್ಕಿಂತ ಒಂದು ಮುಂದೆ ಇರುತ್ತದೆ. ಪುಸ್ತಕದ ಪಂಚಾಂಗವಾದರೆ ನಿಮ್ಮ ಮನೆಯಲ್ಲಿ ಯಾವುದು ಬಳಕೆಯಲ್ಲಿದೆಯೋ ಅದನ್ನೇ ಮೊದಲಿನಿಂದ ಕೊನೆತನಕ ಹಿಡಿಯಿರಿ. ದೃಗ್ಗಣಿತದ (ಈಗಿನ ಖಗೋಳ ಲೆಕ್ಕದ) ಪಂಚಾಂಗಕ್ಕೂ ಸೂರ್ಯಸಿದ್ಧಾಂತದ (ಹಳೆಯ ಗ್ರಂಥದ ಲೆಕ್ಕದ) ಪಂಚಾಂಗಕ್ಕೂ ತಿಥಿ ಮುಗಿಯುವ ಹೊತ್ತಿನಲ್ಲಿ ಗಂಟೆಗಟ್ಟಲೆ ವ್ಯತ್ಯಾಸ ಬರಬಹುದು. ತಿಥಿ ಒಂದರಿಂದ, ನಕ್ಷತ್ರ ಇನ್ನೊಂದರಿಂದ ತೆಗೆದುಕೊಂಡರೆ ಎರಡಕ್ಕೂ ಸಲ್ಲದ ಮುಹೂರ್ತ ಸಿಗುತ್ತದೆ.

ಈಗ ಅಕ್ಕನ ಮನೆ ಗೃಹಪ್ರವೇಶಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಮನೆ, ಮಾಘ ಮಾಸದಲ್ಲಿ ಮಾಡಬೇಕು ಅಂತ ಭಾವನ ಆಸೆ. ಮಾಘ ಒಳ್ಳೆಯ ಮಾಸವೇ. ಭಾವನದ್ದು ಹಸ್ತ ನಕ್ಷತ್ರ, ಕನ್ಯಾ ರಾಶಿ. ಅಕ್ಕನದ್ದು ಪುನರ್ವಸು ಎರಡನೇ ಪಾದ (ನಕ್ಷತ್ರದ ನಾಲ್ಕು ಭಾಗಗಳಲ್ಲಿ ಒಂದೊಂದೂ ಪಾದ), ಮಿಥುನ ರಾಶಿ. ಗೃಹಪ್ರವೇಶಕ್ಕೆ ಹೇಳುವ ನಕ್ಷತ್ರಗಳು ರೋಹಿಣಿ, ಮೃಗಶಿರಾ, ಮೂರು ಉತ್ತರಾಗಳು, ಚಿತ್ತಾ, ಅನೂರಾಧಾ, ರೇವತಿ. ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ತಾರಾಬಲ ನೋಡಲು ಕೂತೆ.

ತಾರಾಬಲ ಅಂದರೆ ಆ ದಿನದ ನಕ್ಷತ್ರ ನಮ್ಮ ಜನ್ಮ ನಕ್ಷತ್ರಕ್ಕೆ ಹೊಂದುತ್ತದೆಯೋ ಅಂತ ನೋಡುವುದು, ಏನೂ ಕಷ್ಟವಿಲ್ಲ. ಜನ್ಮ ನಕ್ಷತ್ರದಿಂದ ಆ ದಿನದ ನಕ್ಷತ್ರದವರೆಗೆ ಎರಡನ್ನೂ ಸೇರಿಸಿ ಎಣಿಸಿ. ಬಂದದ್ದನ್ನು ಒಂಬತ್ತರಿಂದ ಭಾಗಿಸಿ. ಶೇಷ 2, 4, 6, 8, 0 ಬಂದರೆ ಒಳ್ಳೆಯದು. 3, 5, 7 ಬೇಡ. 1 ಬಂದರೆ ಜನ್ಮತಾರೆ, ಅದನ್ನು ಸಾಮಾನ್ಯವಾಗಿ ನಾನು ಬಿಟ್ಟುಬಿಡುತ್ತೇನೆ.

ರೇವತಿ ನೋಡಿದೆ. ಭಾವನಿಗೆ 15, ಶೇಷ 6, ಸಾಧಕ ತಾರೆ. ಚೆನ್ನಾಗಿದೆ. ಅಕ್ಕನಿಗೆ 21, ಶೇಷ 3, ವಿಪತ್ತು. ಹೋಯಿತು. ರೋಹಿಣಿ ಭಾವನಿಗೆ ಜನ್ಮತಾರೆ, ಅಕ್ಕನಿಗೆ ಏಳನೆಯದು. ಅದೂ ಹೋಯಿತು. ಅನೂರಾಧಾ ಭಾವನಿಗೆ ಐದನೆಯದು. ಉತ್ತರಾಷಾಢ ಇಬ್ಬರಿಗೂ ಕೂಡಿಬಂತು. ಇದೇ ಸರಿ ಅನ್ನಿಸುವ ಹೊತ್ತಿಗೆ ಚಂದ್ರಬಲ ಅಡ್ಡ ಬಂತು, ಅಂದರೆ ಜನ್ಮರಾಶಿಯಿಂದ ಚಂದ್ರ ಎಷ್ಟನೇ ರಾಶಿಯಲ್ಲಿದ್ದಾನೆ ಅನ್ನುವ ಲೆಕ್ಕ. ಉತ್ತರಾಷಾಢದ ಒಂದು ಪಾದ ಮಾತ್ರ ಧನುಸ್ಸಿನಲ್ಲಿದೆ, ಉಳಿದ ಮೂರು ಮಕರದಲ್ಲಿ. ಮಕರ ಅಂದರೆ ಮಿಥುನಕ್ಕೆ ಎಂಟನೇ ಮನೆ, ಅಕ್ಕನಿಗೆ ಚಂದ್ರಾಷ್ಟಮ. ಇನ್ನು ಧನುಸ್ಸಿನ ಆ ಒಂದು ಪಾದ ಭಾವನಿಗೆ ನಾಲ್ಕನೇ ಚಂದ್ರ, ಅದೂ ಒಳ್ಳೆಯದಲ್ಲ. ಬೇರೆ ಯಾವುದರಲ್ಲಾದರೂ ಸ್ವಲ್ಪ ರಾಜಿ ಮಾಡಿಕೊಳ್ಳುತ್ತೇನೆ, ಚಂದ್ರಾಷ್ಟಮದಲ್ಲಿ ಇಲ್ಲ. ಪುರೋಹಿತರು ಹೇಗೂ ಒಪ್ಪುವುದಿಲ್ಲ.

ಉಳಿದವನ್ನೂ ಹೀಗೇ ಸೋಸಿದಾಗ ಕೈಗೆ ಸಿಕ್ಕಿದ್ದು ಮೃಗಶಿರಾ. ಭಾವನಿಗೆ ಸಂಪತ್ ತಾರೆ, ಅಕ್ಕನಿಗೆ ಮಿತ್ರ ತಾರೆ. ಆದರೆ ಮೃಗಶಿರಾದ ಮೊದಲರ್ಧ ವೃಷಭದಲ್ಲಿದೆ. ಅದು ಅಕ್ಕನಿಗೆ ಹನ್ನೆರಡನೇ ಮನೆ, ಬೇಡ. ಎರಡನೇ ಅರ್ಧ ಮಿಥುನದಲ್ಲಿ. ಅಲ್ಲಿಗೆ ಚಂದ್ರ ಬಂದರೆ ಅಕ್ಕನಿಗೆ ಜನ್ಮರಾಶಿಯ ಚಂದ್ರ, ಭಾವನಿಗೆ ಹತ್ತನೆಯ ಚಂದ್ರ. ಎರಡೂ ಒಳ್ಳೆಯವೇ. ಅಂದರೆ ಮೃಗಶಿರಾದ ಮೂರು ನಾಲ್ಕನೇ ಪಾದ ಮಾತ್ರ ನಮ್ಮ ಪಾಲಿಗೆ. ಮಾಘ ಶುದ್ಧ ದಶಮಿ, ಶುಕ್ರವಾರ, ಮೃಗಶಿರಾ ಒಟ್ಟಿಗೆ ಸಿಕ್ಕವು. ಫೆಬ್ರವರಿ ಮಧ್ಯಭಾಗ. ದಶಮಿ ಗೃಹಪ್ರವೇಶಕ್ಕೆ ಒಪ್ಪುವ ತಿಥಿ. ಚೌತಿ, ನವಮಿ, ಚತುರ್ದಶಿಯಂಥ ರಿಕ್ತ ತಿಥಿಯಲ್ಲ. ಮಂಗಳವಾರ, ಭಾನುವಾರದ ತಕರಾರೂ ಇಲ್ಲ. ಕರಣ (ಅರ್ಧ ತಿಥಿ) ಗರಜ, ಬಿಡಬೇಕಾದ ಭದ್ರೆಯಲ್ಲ. ಯೋಗ (ಸೂರ್ಯ ಚಂದ್ರರ ಸ್ಥಾನ ಕೂಡಿಸಿದ ಲೆಕ್ಕ) ವಿಷ್ಕಂಭ. ಅದರ ಮೊದಲ ಮೂರು ಘಳಿಗೆ ಬಿಡಬೇಕು, ಆದರೆ ಅದು ಬೆಳಗ್ಗೆಯೇ ಕಳೆದುಹೋಗುತ್ತಿತ್ತು.

ದಿನ ಸಿಕ್ಕರೆ ಅರ್ಧ ಕೆಲಸ. ಇನ್ನು ಹೊತ್ತು ಹುಡುಕಬೇಕು.

ಪಂಚಾಂಗದಲ್ಲಿ ದಶಮಿಯ ಮುಂದೆ 16–30 ಅಂತ ಇತ್ತು. ಇದು ಗಡಿಯಾರದ ಸಮಯ ಅಲ್ಲ. ಸೂರ್ಯೋದಯದಿಂದ 16 ಘಳಿಗೆ 30 ವಿಘಳಿಗೆ. ಒಂದು ಘಳಿಗೆಗೆ 24 ನಿಮಿಷ, ವಿಘಳಿಗೆಗೆ 24 ಸೆಕೆಂಡು. ಲೆಕ್ಕ ಹಾಕಿದರೆ 6 ಗಂಟೆ 36 ನಿಮಿಷ. ಅವತ್ತು ಸೂರ್ಯೋದಯ 6:41. ಹಾಗಾಗಿ ದಶಮಿ ಮುಗಿಯುವುದು ಮಧ್ಯಾಹ್ನ 1:17ಕ್ಕೆ. ಇದೇ ರೀತಿ ನೋಡಿದಾಗ ಚಂದ್ರ ಮಿಥುನಕ್ಕೆ ಕಾಲಿಡುವುದು ಬೆಳಗ್ಗೆ ಹತ್ತರ ಹತ್ತಿರ. ಅಲ್ಲಿಗೆ ಬೆಳಗಿನ ಕುಂಭ ಲಗ್ನ ಕೈಬಿಟ್ಟಿತು. ಗೃಹಪ್ರವೇಶಕ್ಕೆ ಸ್ಥಿರ ಲಗ್ನ ಬೇಕು: ವೃಷಭ, ಸಿಂಹ, ವೃಶ್ಚಿಕ, ಕುಂಭ. ಹಗಲಲ್ಲಿ ಉಳಿದದ್ದು ವೃಷಭ, 11:43ರಿಂದ ಸುಮಾರು 1:45ರ ತನಕ. ಲಗ್ನದಿಂದ ಎಂಟನೇ ಮನೆ ಗ್ರಹವಿಲ್ಲದೆ ಖಾಲಿ ಇತ್ತು. ಪಂಚಕವೂ ನೋಡಿದೆ, ಅಂದರೆ ತಿಥಿ, ವಾರ, ನಕ್ಷತ್ರ, ಲಗ್ನಗಳ ಸಂಖ್ಯೆ ಕೂಡಿಸಿ ಐದು ಬಗೆಯ ದೋಷ ಇದೆಯೋ ಅಂತ. ತಿಥಿ 10, ವಾರ 6, ನಕ್ಷತ್ರ 5, ಲಗ್ನ 2, ಒಟ್ಟು 23. ಒಂಬತ್ತರಿಂದ ಭಾಗಿಸಿದರೆ ಶೇಷ 5. ಶೇಷ 1, 2, 4, 6, 8 ಬಂದರೆ ಮೃತ್ಯು, ಅಗ್ನಿ, ರಾಜ, ಚೋರ, ರೋಗ ಪಂಚಕ. 5 ಅಂದರೆ ತೊಂದರೆಯಿಲ್ಲ.

ಇಷ್ಟಾದ ಮೇಲೆ ರಾಹುಕಾಲ. ನನ್ನನ್ನು ಕೇಳಿದರೆ, ಲಗ್ನಶುದ್ಧಿ, ತಾರಾಬಲ, ಚಂದ್ರಬಲ ಸರಿಯಿದ್ದ ಮೇಲೆ ರಾಹುಕಾಲಕ್ಕೆ ಅಷ್ಟೊಂದು ಹೆದರಬೇಕಿಲ್ಲ. ಆದರೆ ಬಂದ ನೆಂಟರಲ್ಲಿ ಹತ್ತು ಜನ ಕೈಗಡಿಯಾರ ನೋಡಿ "ಇದು ರಾಹುಕಾಲ ಅಲ್ವೇ?" ಅಂತ ಕೇಳುತ್ತಾರೆ. ಯಜಮಾನನ ಮನಸ್ಸಿಗೆ ಹುಳ ಬಿಟ್ಟ ಹಾಗೆ ಆಗುತ್ತದೆ. ಹಾಗಾಗಿ ಸಾಧ್ಯವಿದ್ದರೆ ತಪ್ಪಿಸುತ್ತೇನೆ. ತಪ್ಪಿಸುವುದಾದರೆ ಸರಿಯಾಗಿ ತಪ್ಪಿಸಬೇಕು. ಗೋಡೆ ಕ್ಯಾಲೆಂಡರಿನಲ್ಲಿ ಶುಕ್ರವಾರ 10:30ರಿಂದ 12 ಅಂತ ಇರುತ್ತದೆ. ಅದು ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗಿದರೆ ಮಾತ್ರ ಸರಿ. ಬೆಂಗಳೂರಿನಲ್ಲಿ ಜನವರಿ ಕೊನೆಗೆ ಸೂರ್ಯ ಹುಟ್ಟುವುದು 6:45ರ ನಂತರ. ನಿಜವಾದ ಲೆಕ್ಕ ಏನೆಂದರೆ, ಹಗಲನ್ನು ಎಂಟು ಭಾಗ ಮಾಡಬೇಕು. ಶುಕ್ರವಾರಕ್ಕೆ ನಾಲ್ಕನೇ ಭಾಗ. ಅವತ್ತು 6:41ರಿಂದ 6:27ರ ತನಕ ಹಗಲು, 706 ನಿಮಿಷ. ಒಂದು ಭಾಗಕ್ಕೆ 88 ನಿಮಿಷ ಚಿಲ್ಲರೆ. ನಾಲ್ಕನೇ ಭಾಗ 11:06ರಿಂದ 12:34. ಕ್ಯಾಲೆಂಡರ್ ನಂಬಿ ಹನ್ನೆರಡೂಕಾಲಿಗೆ ಇಟ್ಟುಕೊಂಡಿದ್ದರೆ ರಾಹುಕಾಲದ ಒಳಗೇ ಆಗುತ್ತಿತ್ತು.

ಆಮೇಲೆ ದುರ್ಮುಹೂರ್ತ. ಹಗಲನ್ನು ಹದಿನೈದು ಭಾಗ ಮಾಡಿದರೆ ಶುಕ್ರವಾರ ನಾಲ್ಕನೆಯದೂ ಒಂಬತ್ತನೆಯದೂ ದುರ್ಮುಹೂರ್ತ. ಒಂಬತ್ತನೆಯದು ಶುರುವಾಗುವುದು 12:58ಕ್ಕೆ. ಅಂದರೆ ನಮಗೆ ಉಳಿದದ್ದು 12:34ರಿಂದ 12:58. ಲೆಕ್ಕ ಹಾಕಿದರೆ ಸರಿಯಾಗಿ ಒಂದು ಘಳಿಗೆ! ಅದೂ ಅಭಿಜಿನ್ ಮುಹೂರ್ತದ ಎರಡನೇ ಅರ್ಧ. ಅಭಿಜಿನ್ ಅಂದರೆ ಹದಿನೈದರಲ್ಲಿ ಎಂಟನೆಯ ಭಾಗ, ನಡು ಹಗಲಿನ ಹಿಂದೆ ಮುಂದೆ ಒಂದೊಂದು ಘಳಿಗೆ. ಬುಧವಾರ ಒಂದು ಬಿಟ್ಟು ಉಳಿದ ದಿನ ಒಳ್ಳೆಯದು ಅನ್ನುತ್ತಾರೆ. ನಡು ಹಗಲು ಅಂದರೆ ಗಡಿಯಾರದ ಹನ್ನೆರಡು ಅಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ, ಬೆಂಗಳೂರು ಇರುವುದು 77.6ರಲ್ಲಿ. ಆ ವ್ಯತ್ಯಾಸಕ್ಕೇ ಸುಮಾರು ಇಪ್ಪತ್ತು ನಿಮಿಷ ತಡ. ಫೆಬ್ರವರಿಯಲ್ಲಿ ಸೂರ್ಯನ ಗತಿಯಿಂದ ಇನ್ನೂ ಹದಿನಾಲ್ಕು ನಿಮಿಷ ಸೇರುತ್ತದೆ. ಹಾಗಾಗಿ 12:34.

ಭಾವನಿಗೆ ಹೇಳಿದಾಗ ಮುಖ ಸಣ್ಣದಾಯಿತು. "ಗೃಹಪ್ರವೇಶ ಅಂದ್ರೆ ಬೆಳಗಿನ ಜಾವ ಮಾಡೋದಲ್ವೇನೋ? ಮಟಮಟ ಮಧ್ಯಾಹ್ನ ಯಾರಾದ್ರೂ ಮನೆ ಹೊಕ್ಕುತ್ತಾರಾ?" ಅಂದರು. ನಾನು ಹಾಳೆ ಮುಂದಿಟ್ಟೆ. ಬೆಳಗ್ಗೆ ಬೇಕಾದರೆ ಕುಂಭ ಲಗ್ನ ಇದೆ, ಆದರೆ ಅಕ್ಕನಿಗೆ ಹನ್ನೆರಡನೇ ಚಂದ್ರ. ಬೇರೆ ದಿನ ಬೇಕಾದರೆ ತಾರಾಬಲವೋ ಚಂದ್ರಬಲವೋ ಒಬ್ಬರಿಗೆ ಹೋಗುತ್ತದೆ. ಎಲ್ಲಾ ಸರಿಯಿರುವ ಹೊತ್ತು ಅಂತ ಪಂಚಾಂಗದಲ್ಲಿ ಎಲ್ಲೂ ಇರುವುದಿಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅನ್ನುವುದೇ ಮುಹೂರ್ತ ನೋಡುವವನ ಕೆಲಸ. ಪುರೋಹಿತರು ಹಾಳೆ ನೋಡಿ, ತಮ್ಮ ಪಂಚಾಂಗದಲ್ಲಿ ಇನ್ನೊಮ್ಮೆ ಲಗ್ನ ಗುಣಿಸಿ, "ವೃಷಭವೇ ಇರಲಿ" ಅಂದರು. ಭಾವ ಆಮೇಲೆ ತುಟಿ ಬಿಚ್ಚಲಿಲ್ಲ.

ಹೊತ್ತು ಇಷ್ಟು ಚಿಕ್ಕದಿದ್ದಾಗ ಇನ್ನೊಂದು ವಿಷಯ ಮೊದಲೇ ಕೇಳಿಕೊಳ್ಳಬೇಕು. ಮುಹೂರ್ತದಲ್ಲಿ ಆಗಬೇಕಾದ ಕೆಲಸ ಯಾವುದು? ಇಡೀ ಸಮಾರಂಭ ಇಪ್ಪತ್ನಾಲ್ಕು ನಿಮಿಷದಲ್ಲಿ ಮುಗಿಯುವುದಿಲ್ಲವಲ್ಲ. ಮದುವೆಗೆ ಮಾಂಗಲ್ಯಧಾರಣೆ ಹೇಗೋ, ಇಲ್ಲಿ ಕಲಶ ಹಿಡಿದು ಹೊಸ್ತಿಲು ದಾಟುವುದು, ಹಾಲು ಉಕ್ಕಿಸುವುದು. ವಾಸ್ತು ಹೋಮ ಹಿಂದಿನ ಸಂಜೆ ಆಯಿತು. ಗಣಹೋಮ ಬೆಳಗ್ಗೆ ಶಾಮಿಯಾನದಡಿ ನಡೆಯಿತು. ಹೊಸ್ತಿಲ ಪೂಜೆಯನ್ನು ಹನ್ನೆರಡೂಕಾಲಿಗೇ ಶುರು ಮಾಡಿಸಿದೆವು. 12:36ಕ್ಕೆ ಒಳಗೆ ಕಾಲಿಟ್ಟರು. ಹಾಲಿನ ಪಾತ್ರೆ ಚಿಕ್ಕದೇ ಇಡಿ, ಲೀಟರುಗಟ್ಟಲೆ ಹಾಕಬೇಡಿ ಅಂತ ಅಕ್ಕನಿಗೆ ಮೊದಲೇ ಹೇಳಿದ್ದೆ. ಜಾಸ್ತಿ ಹಾಲು ಇಟ್ಟರೆ ಉಕ್ಕುವಷ್ಟರಲ್ಲಿ ದುರ್ಮುಹೂರ್ತ ಬಂದಿರುತ್ತದೆ. ಅರ್ಧ ಲೀಟರು ಹಾಲು ಹತ್ತು ನಿಮಿಷದೊಳಗೆ ಪೂರ್ವಕ್ಕೆ ಉಕ್ಕಿತು.

ಊಟಕ್ಕೆ ಕೂತಾಗ ಒಂದೂವರೆ. ದಶಮಿ ಮುಗಿದು ಏಕಾದಶಿ ಶುರುವಾಗಿತ್ತು. ಏಕಾದಶಿ ಬಿಡದೆ ಮಾಡುವ ದೊಡ್ಡಮ್ಮ ಎಲೆ ಮುಂದೆ ಕೂತವರು ನನ್ನನ್ನೇ ಕರೆದು, "ಏನೋ, ಏಕಾದಶಿ ಬಂದಾಯ್ತು ಅಂತೀಯಲ್ಲ, ಊಟ ಮಾಡ್ಬಹುದೇನೋ?" ಅಂದರು. ಮುಹೂರ್ತಕ್ಕೆ ಆ ಹೊತ್ತಿನಲ್ಲಿ ನಡೆಯುತ್ತಿರುವ ತಿಥಿ ಲೆಕ್ಕ, ಈ ಉಪವಾಸಕ್ಕೆ ಬೆಳಗಿನ ತಿಥಿ ಲೆಕ್ಕ. ಏಕಾದಶಿ ಶನಿವಾರ ಬೆಳಗ್ಗೆ ಇರುತ್ತದೆ, ಉಪವಾಸ ನಾಳೆ, ಇವತ್ತು ದಶಮಿಯ ಒಪ್ಪೊತ್ತು ಅಂತ ಹೇಳಿದೆ. ಅವರು ಪುರೋಹಿತರ ಕಡೆ ತಿರುಗಿ ನೋಡಿದರು. ಅವರೂ ಹೌದೆಂದು ತಲೆಯಾಡಿಸಿದ ಮೇಲೆಯೇ ಅನ್ನ ಬಡಿಸಿಕೊಂಡರು.