ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಮಾರಿಯೊ: ನನ್ನ ಅನುಭವ

ಹಳೆಯ ವಿಡಿಯೊ ಗೇಮುಗಳನ್ನು ಜನ ಇಂದಿಗೂ ಆಡುವುದಕ್ಕೆ ಬಾಲ್ಯದ ನೆನಪೇ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ನೆನಪಿನ ಪಾಲು ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಆ ಸೆಳೆತ ಒಂದೆರಡು ಸಂಜೆಗಳಲ್ಲಿ ತೀರಿಹೋಗುವಂಥದ್ದು. ಅದಾದ ಮೇಲೂ ಕೈ ಜಾಯ್‌ಸ್ಟಿಕ್ಕನ್ನೇ ಹುಡುಕುತ್ತಿದ್ದರೆ ಬೇರೆ ಕಾರಣವಿರಲೇಬೇಕು. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಲ್ಲಿ ‘ಟಿವಿ ಗೇಮ್’ ಎಂದೇ ಹೆಸರಾಗಿದ್ದ ಯಂತ್ರವೊಂದನ್ನು ಕೊಂಡು, ಸರಿಪಡಿಸಿ, ಬಿಡುವಾದಾಗಲೆಲ್ಲ ಆಡುತ್ತಿರುವ ನನಗೆ ಆ ಕಾರಣ ಬಹುಮಟ್ಟಿಗೆ ಯಂತ್ರದಲ್ಲೇ ಸಿಕ್ಕಿತು.

ಈ ಯಂತ್ರಗಳ ಮೂಲ, ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಮಾರುಕಟ್ಟೆಗೆ ತಂದ ಫ್ಯಾಮಿಕಾಮ್. ನಮ್ಮ ಮನೆಗಳಿಗೆ ಹೆಚ್ಚಾಗಿ ಬಂದದ್ದು ಅದರ ನಕಲುಗಳು. ಡಬ್ಬಿಯ ಮೇಲಿನ ಹೆಸರು ಏನೇ ಇರಲಿ, ಕ್ಯಾಸೆಟ್ ಕೂರುವ ಜಾಗದಲ್ಲಿ ಮಾತ್ರ ಅವೇ 60 ಪಿನ್ನುಗಳಿರುತ್ತವೆ. ಹಾಗಾಗಿ ಒಂದರ ಕ್ಯಾಸೆಟ್ ಇನ್ನೊಂದರಲ್ಲಿ ಓಡುತ್ತದೆ. ನನ್ನದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಅಡಾಪ್ಟರ್ ಇಲ್ಲದೆ ಸಿಕ್ಕಿತು. ಇಂಥ ಯಂತ್ರಕ್ಕೆ ಕೈಗೆ ಸಿಕ್ಕ ಅಡಾಪ್ಟರನ್ನು ಚುಚ್ಚಬಾರದು. ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ಎಂಬುದನ್ನು ಯಂತ್ರದ ಬೆನ್ನಿನ ಗುರುತಿನೊಂದಿಗೆ ತಾಳೆ ನೋಡಬೇಕು. ಜಪಾನಿನ ಮೂಲ ಯಂತ್ರದಲ್ಲಿ ಅದು ಮೈನಸ್, ನಕಲುಗಳ ವಿಷಯದಲ್ಲಿ ಏನನ್ನೂ ಊಹಿಸುವಂತಿಲ್ಲ.

ಶುಚಿ ಮಾಡುವ ಕೆಲಸ ಸುಲಭ. ಆಟ ಬಾರದಿದ್ದಾಗ ನಾವೆಲ್ಲ ಕ್ಯಾಸೆಟ್ಟಿನೊಳಕ್ಕೆ ಊದುತ್ತಿದ್ದೆವು. ಊದಿದ್ದರಿಂದ ಆಟ ಬರುತ್ತಿರಲಿಲ್ಲ. ತೆಗೆದು ಮತ್ತೆ ಕೂರಿಸುವಾಗ ಪಿನ್ನುಗಳು ಹೊಸದಾಗಿ ತಾಗುತ್ತಿದ್ದುದರಿಂದ ಬರುತ್ತಿತ್ತು. ಉಸಿರಿನ ತೇವದಿಂದ ಕಿಲುಬು ಹಿಡಿದದ್ದಷ್ಟೇ ಲಾಭ. ಈಗ ಇಯರ್ ಬಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪಿನ್ನುಗಳನ್ನು ಉಜ್ಜುತ್ತೇನೆ. ಜಾಯ್‌ಸ್ಟಿಕ್ಕನ್ನು ಬಿಚ್ಚಿ, ರಬ್ಬರಿನ ಅಡಿಯಲ್ಲಿರುವ ಕಪ್ಪು ಕಾರ್ಬನ್ ಬಿಲ್ಲೆಗಳನ್ನೂ ಹಾಗೆಯೇ ಒರೆಸುತ್ತೇನೆ.

ನಿಜವಾದ ಪಾಠ ಟಿವಿಯಿಂದ ಬಂತು. ಮೊದಲು ಹಜಾರದ ಎಲ್‌ಇಡಿ ಟಿವಿಗೆ ಜೋಡಿಸಿದ್ದೆ. ಚಿತ್ರವೂ ಬಂತು, ಸದ್ದೂ ಬಂತು. ಆದರೆ ಸೂಪರ್ ಮಾರಿಯೊ ಆಟದ ನಾಯಕ ಮಾರಿಯೊ ಪ್ರತಿ ಹಳ್ಳಕ್ಕೂ ಬೀಳುತ್ತಿದ್ದ. ಹೊಸ ಟಿವಿ ಒಳಬಂದ ಚಿತ್ರವನ್ನು ಹಿಡಿದಿಟ್ಟುಕೊಂಡು, ತನ್ನ ಪರದೆಯ ಅಳತೆಗೆ ಹಿಗ್ಗಿಸಿ, ತನ್ನ ಮನಸ್ಸಿಗೆ ಬಂದಂತೆ ತಿದ್ದಿ ತೋರಿಸುವಷ್ಟರಲ್ಲಿ ಆಟ ಮುಂದೆ ಹೋಗಿರುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಗೆ ಹೀಗೆ ಹಿಡಿದಿಡುವ ಶಕ್ತಿಯೇ ಇಲ್ಲ. ಸಂಕೇತ ಬಂದಂತೆಲ್ಲ ಗೆರೆಗೆರೆಯಾಗಿ ಬರೆದುಬಿಡುತ್ತದೆ. ನಮ್ಮ ದೇಶದ ಹಳೆಯ ಟಿವಿಗಳ ಪಾಲ್ ಎಂಬ ಪ್ರಸಾರ ಪದ್ಧತಿಯಲ್ಲಿ ಅಂಥ ಬರವಣಿಗೆ ಸೆಕೆಂಡಿಗೆ 50 ಬಾರಿ ನಡೆಯುತ್ತದೆ. ಆದ್ದರಿಂದ ಬೆರಳು ಒತ್ತಿದ್ದಕ್ಕೂ ಪರದೆಯ ಮೇಲೆ ಅದರ ಪರಿಣಾಮ ಕಾಣುವುದಕ್ಕೂ ನಡುವೆ ಗಮನಕ್ಕೆ ಬರುವಂಥ ಅಂತರವೇ ಉಳಿಯುವುದಿಲ್ಲ. ಪರಿಚಯದವರೊಬ್ಬರ ಅಟ್ಟದಲ್ಲಿದ್ದ ಟಿವಿಯನ್ನು ತಂದು ಜೋಡಿಸಿದ ಮೇಲೆ ಅದೇ ಹಳ್ಳಗಳನ್ನು ನಾನು ಯೋಚಿಸದೆ ದಾಟಿದೆ.

ಸೂಪರ್ ಮಾರಿಯೊ ಬ್ರದರ್ಸ್ 1985ರ ಆಟ. ನಿಂಟೆಂಡೊದ ಆಟ ವಿನ್ಯಾಸಕ ಶಿಗೆರು ಮಿಯಾಮೊಟೊ ಮತ್ತು ಅವರ ತಂಡ ಅದರಲ್ಲಿ ಒಂದು ಜಿಗಿತಕ್ಕೆ ಎಷ್ಟು ಕಾಳಜಿ ವಹಿಸಿದೆಯೆಂಬುದು ಈ ಟಿವಿಯಲ್ಲಿ ಆಡಿದಾಗ ಮಾತ್ರ ನನಗೆ ತಿಳಿಯಿತು. ಬಟನ್ನನ್ನು ಮುಟ್ಟಿ ಬಿಟ್ಟರೆ ಗಿಡ್ಡ ಜಿಗಿತ, ಒತ್ತಿ ಹಿಡಿದರೆ ಎತ್ತರದ ಜಿಗಿತ, ಓಡಿಬಂದು ಹಾರಿದರೆ ಇನ್ನೂ ಎತ್ತರ. ಗಾಳಿಯಲ್ಲಿರುವಾಗಲೂ ದಿಕ್ಕನ್ನು ತುಸು ತಿದ್ದಿಕೊಳ್ಳಬಹುದು. ನಿಯಮಗಳು ಇಷ್ಟೇ, ಆದರೆ ಅವು ಎಂದೂ ಬದಲಾಗುವುದಿಲ್ಲ. ಇಡೀ ಆಟ ಕೇವಲ 40 ಕಿಲೊಬೈಟಿನದು. ಜಾಗ ಉಳಿಸಲು ಆಕಾಶದ ಮೋಡದ ಆಕಾರಕ್ಕೇ ಹಸಿರು ಬಣ್ಣ ಹಾಕಿ ನೆಲದ ಪೊದೆ ಮಾಡಿದ್ದಾರೆ. ಶತ್ರುಗಳು ಪ್ರತಿ ಸಲವೂ ಅದೇ ಜಾಗದಲ್ಲಿ ಎದುರಾಗುತ್ತಾರೆ. ಸತ್ತರೆ ತಪ್ಪು ನನ್ನದು, ದಾಟಿದರೆ ಕಲಿತದ್ದೂ ನನ್ನದೇ. ಹಣ ತೆತ್ತು ಬಲ ಕೊಳ್ಳುವ ಇಂದಿನ ಎಷ್ಟೋ ಮೊಬೈಲ್ ಗೇಮುಗಳಲ್ಲಿ ಈ ನೇರ ಲೆಕ್ಕ ನನಗೆ ಸಿಕ್ಕಿಲ್ಲ.

ನೆನಪೇ ಕಾರಣವೆನ್ನುವವರಿಗೆ ನಾನು ಅಕ್ಕನ ಮಗನನ್ನು ತೋರಿಸುತ್ತೇನೆ. ಈ ಆಟಗಳ ಬಗ್ಗೆ ಅವನಿಗೆ ಯಾವ ನೆನಪೂ ಇರಲು ಸಾಧ್ಯವಿಲ್ಲ. ಚಿತ್ರಗಳನ್ನು ನೋಡಿ ಮೊದಲು ನಕ್ಕವನು ಈಗ ಬಂದೊಡನೆ, ಇಬ್ಬರು ಕೂಡಿ ಶತ್ರುಗಳಿಗೆ ಗುಂಡು ಹೊಡೆಯುತ್ತ ಸಾಗುವ ಕಾಂಟ್ರಾ ಆಟ ಹಾಕೆನ್ನುತ್ತಾನೆ. ಅದರ ಜಲಪಾತದ ಹಂತದಲ್ಲಿ ಇಬ್ಬರಿಗೂ ಒಂದೇ ಪರದೆ. ಒಬ್ಬ ಅವಸರದಲ್ಲಿ ಮೇಲೇರಿದರೆ ಕೆಳಗುಳಿದವನು ಪರದೆಯಿಂದ ಹೊರಬಿದ್ದು ಸಾಯುತ್ತಾನೆ. “ಮಾಮ, ಸ್ವಲ್ಪ ನಿಲ್ಲು, ನಾನಿನ್ನೂ ಕೆಳಗೇ ಇದೀನಿ” ಎಂದು ಅವನು ಕೂಗುವುದು ಬೀದಿಗೂ ಕೇಳಿಸುತ್ತದೆ. ಪಕ್ಕಪಕ್ಕದಲ್ಲಿ ಕುಳಿತು ಆಡುವವರಿಗಾಗಿಯೇ ಮಾಡಿದ ಆಟವಿದು.

ಇನ್ನೂ ಬಲವಾದ ಸಾಕ್ಷಿ ಅಮೆರಿಕದಿಂದ ಬಂದಿದೆ. ಮೇಲಿನಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ, ನಿಂಟೆಂಡೊದ 1989ರ ಟೆಟ್ರಿಸ್‌ನಲ್ಲಿ 29ನೆಯ ಹಂತದ ವೇಗಕ್ಕೆ ಕೈ ಓಡದೆಂದು ಬಹುಕಾಲ ನಂಬಲಾಗಿತ್ತು. ಜಾಯ್‌ಸ್ಟಿಕ್ಕಿನ ಬೆನ್ನನ್ನು ಹಲವು ಬೆರಳುಗಳಿಂದ ಒಂದರ ಹಿಂದೊಂದರಂತೆ ತಟ್ಟಿ, ಮುಂಭಾಗದ ಬಟನ್ ಬೇಗಬೇಗ ಒತ್ತುವಂತೆ ಮಾಡುವ ವಿಧಾನವನ್ನು ಆಟಗಾರರು ಕಂಡುಕೊಂಡರು. 2023ರ ಡಿಸೆಂಬರಿನಲ್ಲಿ 13 ವರ್ಷದ ಹುಡುಗನೊಬ್ಬ 157ನೆಯ ಹಂತ ತಲುಪಿ, ಆಟವೇ ಸ್ತಬ್ಧವಾಗುವಂತೆ ಮಾಡಿದ. ಅವನು ಹುಟ್ಟುವಷ್ಟರಲ್ಲಿ ಆ ಆಟಕ್ಕೆ ಇಪ್ಪತ್ತು ವರ್ಷ ದಾಟಿತ್ತು.

ಹಳೆಯದೆಲ್ಲ ಚಿನ್ನವೆಂದು ಇದರ ಅರ್ಥವಲ್ಲ. ‘9999 ಇನ್ 1’ ಎಂದು ಬರೆದ ಕ್ಯಾಸೆಟ್ಟುಗಳಲ್ಲಿ ಬೆರಳೆಣಿಕೆಯ ಆಟಗಳೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವೆ, ಅವುಗಳಲ್ಲೂ ಎಷ್ಟೋ ಆಟಗಳು ಐದು ನಿಮಿಷಕ್ಕೆ ಬೇಸರ ತರಿಸುತ್ತವೆ. ಪರದೆಯ ಒಂದೇ ಅಡ್ಡಗೆರೆಯಲ್ಲಿ ಚಲಿಸುವ ಚಿತ್ರದ ತುಣುಕುಗಳನ್ನು ಎಂಟಕ್ಕಿಂತ ಹೆಚ್ಚು ಯಂತ್ರ ತೋರಿಸಲಾರದಾದ್ದರಿಂದ, ಶತ್ರುಗಳು ಗುಂಪುಗೂಡಿದಾಗ ಚಿತ್ರ ಮಿಣುಕುತ್ತದೆ.

ಭಾರವಾದ ಆ ಟಿವಿ ಜಾಗ ತಿನ್ನುತ್ತದೆಂದು ಮನೆಯಲ್ಲಿ ಆಕ್ಷೇಪವಿದೆ. ಆದರೆ ಬಾತುಕೋಳಿ ಹೊಡೆಯುವ ಡಕ್ ಹಂಟ್ ಆಟದ ಬಂದೂಕು ಅದರಲ್ಲಿ ಮಾತ್ರ ಕೆಲಸ ಮಾಡುತ್ತದೆ. ಬಂದೂಕಿನ ಕುದುರೆ (ಟ್ರಿಗರ್) ಎಳೆದೊಡನೆ ಪರದೆ ಕ್ಷಣಮಾತ್ರ ಕಪ್ಪಾಗಿ, ಮರುಕ್ಷಣ ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ನಳಿಗೆಯಲ್ಲಿರುವ ಬೆಳಕಿನ ಸಂವೇದಕ ಆ ಬಿಳಿಯನ್ನು ಅದೇ ಹೊತ್ತಿಗೆ ಕಂಡರೆ ಗುರಿ ತಾಗಿದಂತೆ. ಹೊಸ ಟಿವಿಯಲ್ಲಿ ಆ ಚೌಕ ತಡವಾಗಿ ಮೂಡುವುದರಿಂದ ಎಷ್ಟು ಹೊಡೆದರೂ ಒಂದು ಬಾತುಕೋಳಿಯೂ ಬೀಳುವುದಿಲ್ಲ. ಸದ್ಯಕ್ಕೆ ಟಿವಿಯನ್ನು ಉಳಿಸಿಕೊಳ್ಳಲು ನಾನು ಮುಂದಿಟ್ಟಿರುವ ವಾದ ಇದೇ.