ಘಾಟಿ ಜಾತ್ರೆಗೆ ಜೋಡಿ ಕಟ್ಟುವುದು: ನಮ್ಮ ಮನೆ ಪದ್ಧತಿ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋರಿ ಕಟ್ಟುವುದು ನಮ್ಮ ಮನೆಯಲ್ಲಿ ತಾತನ ಕಾಲದಿಂದ ಬಂದಿದೆ. ಈಗ ಅದರ ಉಸ್ತುವಾರಿ ನನ್ನದು. ಹೊಸದಾಗಿ ಹಳ್ಳಿಕಾರ್ ತಳಿಯ ಕರು ತಂದು ಸಾಕುತ್ತಿರುವ ಹುಡುಗರು ಹೇಗೆ ತಯಾರಿ ಮಾಡ್ತೀರಣ್ಣ ಅಂತ ಕೇಳುತ್ತಲೇ ಇರುತ್ತಾರೆ, ಅವರಿಗಾಗಿ ಇದು.

ಜಾತ್ರೆ ಸೇರುವುದು ಡಿಸೆಂಬರ್-ಜನವರಿಯಲ್ಲಿ, ಪುಷ್ಯ ಶುದ್ಧ ಷಷ್ಠಿಯ ರಥೋತ್ಸವದ ಆಸುಪಾಸು. ಕೆಲಸ ಮಾತ್ರ ಅದಕ್ಕಿಂತ ಬಹಳ ಮುಂಚೆ, ಜೋಡಿ ಕೂಡಿಸುವಾಗಲೇ ಶುರು. ಒಂಟಿ ಕರು ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಸರಿಯಾದ ಜೊತೆ ಸಿಗದಿದ್ದರೆ ಬೆಲೆ ಬರಲ್ಲ. ಎಲ್ಲರೂ ಮೊದಲು ಬಣ್ಣ ನೋಡುತ್ತಾರೆ. ತಾತ ಬಣ್ಣವನ್ನು ಕೊನೆಗೆ ನೋಡುತ್ತಿದ್ದರು, ನಾನೂ ಅಷ್ಟೇ, ಯಾಕೆಂದರೆ ವಯಸ್ಸಾಗುತ್ತಾ ಬೂದು ಬಣ್ಣ ಬದಲಾಗುತ್ತದೆ, ಬೀಜ ಒಡೆಸಿದ ಮೇಲಂತೂ ಇನ್ನೂ ತಿಳಿಯಾಗುತ್ತದೆ. ಮೊದಲು ಎತ್ತರ, ಆಮೇಲೆ ಕೊಂಬು. ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ಹೋಗಿ, ತುದಿ ಮುಂದಕ್ಕೆ ಬಾಗಿರಬೇಕು, ಎರಡರದ್ದೂ ಒಂದೇ ಥರ ಇರಬೇಕು. ಆಮೇಲೆ ನಡಿಗೆ. ಒಂದು ಚುರುಕಾಗಿ ಇನ್ನೊಂದು ನಿಧಾನವಾದರೆ ನೊಗದ ಕೆಳಗೆ ಎರಡಕ್ಕೂ ಕಷ್ಟ.

ಮೇವಿನಲ್ಲಿ ಗುಟ್ಟೇನೂ ಇಲ್ಲ. ರಾಗಿ ಹುಲ್ಲು, ಬೇಯಿಸಿದ ಹುರುಳಿ, ಬೂಸಾ, ಹಿಂಡಿ. ಜಾತ್ರೆ ಹತ್ತಿರ ಬಂತು ಅಂತ ಒಂದೇ ಸಲ ಜಾಸ್ತಿ ತಿನ್ನಿಸುವುದು ನನಗೆ ಒಂಚೂರೂ ಇಷ್ಟವಿಲ್ಲ. ಹೊಟ್ಟೆ ಕೆಡುತ್ತದೆ, ಮೈ ಉಬ್ಬಿದಂತೆ ಕಂಡರೂ ಗಟ್ಟಿ ಇರಲ್ಲ, ತಿಳಿದವರು ಬೆನ್ನ ಮೇಲೆ ಕೈ ಇಟ್ಟ ತಕ್ಷಣ ಹೇಳಿಬಿಡುತ್ತಾರೆ. ಅದರ ಬದಲು ದಿನಾ ಬೆಳಿಗ್ಗೆ ನಡೆಸಿ. ಸಂತೆ ಬೀದಿಯಲ್ಲಿ, ಬಸ್ಸು ಓಡಾಡುವ ರಸ್ತೆ ಪಕ್ಕದಲ್ಲಿ ನಡೆಸಿದರೆ ಇನ್ನೂ ಒಳ್ಳೆಯದು. ಜಾತ್ರೆಯಲ್ಲಿ ತಮಟೆ, ಮೈಕು, ಜನ ನೋಡಿ ಬೆದರಲ್ಲ.

ಕೊಂಬು ಹೆರೆಯುವುದು ಅಪ್ಪನ ಕೆಲಸ, ಅದನ್ನು ಇನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ. ಮೊದಲು ಒರಟು ಪದರ ಹೋಗುವಷ್ಟು ಮಾತ್ರ, ಬುಡದಿಂದ ತುದಿಯ ಕಡೆಗೆ, ಒಂದೇ ದಿಕ್ಕಿನಲ್ಲಿ. ಆಮೇಲೆ ಗಾಜಿನ ಚೂರಿನಿಂದ ನಯ ಮಾಡಿ ಎಣ್ಣೆ ಹಚ್ಚುತ್ತಾರೆ. ಜಾಸ್ತಿ ಹೆರೆದರೆ ಒಳಗಿನ ಜೀವವಿರುವ ಭಾಗಕ್ಕೆ ನೋವಾಗುತ್ತದೆ, ಅದಕ್ಕೇ ಅಪ್ಪ ಆಗಾಗ ನಿಲ್ಲಿಸಿ ಕೊಂಬನ್ನು ಬೆರಳಿನಿಂದ ತಡವಿ ನೋಡುತ್ತಾರೆ. ಗಗ್ಗರ, ಹಣೆಪಟ್ಟಿ, ಕೊರಳಿನ ಹುರಿ ಎಲ್ಲ ಅಮ್ಮನ ಪೆಟ್ಟಿಗೆಯಲ್ಲಿರುತ್ತವೆ. ಹೊರಡುವ ದಿನ ಅಮ್ಮನೇ ತೆಗೆದು ಕಟ್ಟಬೇಕು.

ಚಪ್ಪರ ಹಾಕಿ ಕಟ್ಟಿದ ಮೇಲೆ ಬಂದವರೆಲ್ಲ ಮೊದಲು ಬಾಯಿ ಬಿಡಿಸುತ್ತಾರೆ. ಕೆಳದವಡೆಯಲ್ಲಿ ಮುಂದೆ ಎಂಟು ಹಲ್ಲು, ಮೇಲೆ ಮುಂದಿನ ಹಲ್ಲೇ ಇಲ್ಲ. ಸುಮಾರು ಎರಡು ವರ್ಷ ವಯಸ್ಸಿಗೆ ಹಾಲು ಹಲ್ಲು ಬಿದ್ದು ಮೊದಲ ಜೋಡಿ ಬರುತ್ತದೆ, ಆಮೇಲೆ ನಾಲ್ಕು, ಆರು, ಎಂಟು. ವಯಸ್ಸು ಬಾಯಲ್ಲೇ ಇರುವುದರಿಂದ ಸುಳ್ಳು ಹೇಳಿ ಪ್ರಯೋಜನವಿಲ್ಲ. ಮೈಮೇಲಿನ ಕೂದಲ ಸುಳಿ ನೋಡುವವರೂ ಇದ್ದಾರೆ, ಅದು ಅವರವರ ನಂಬಿಕೆ. ನಾನು ಮಾತ್ರ ಕಾಲಿನ ಗೊರಸು ನೋಡಿ ಅಂತ ಹೇಳುತ್ತೇನೆ.

ಬೆಲೆ ಮಾತು ಟವೆಲ್ ಕೆಳಗೆ. ಕೈ ಒಳಗೆ ಹಾಕಿ ಬೆರಳು ಹಿಡಿಯುತ್ತಾರೆ. ಒಂದು ಬೆರಳು ಅಂದರೆ ಸಾವಿರವೋ ಹತ್ತು ಸಾವಿರವೋ ಅನ್ನುವುದು ಮೊದಲೇ ಬಾಯಲ್ಲಿ ತೀರ್ಮಾನವಾಗಿರುತ್ತದೆ. ಸುತ್ತ ನಿಂತವರಿಗೆ ಗೊತ್ತಾಗಲ್ಲ, ಪಕ್ಕದ ಚಪ್ಪರದವನ ವ್ಯಾಪಾರವೂ ಕೆಡಲ್ಲ. ಒಳ್ಳೆ ಏರ್ಪಾಡು ಅಲ್ವಾ? ನಮ್ಮ ಮನೆಯ ಒಂದು ಕಟ್ಟುಪಾಡು ಇದೆ, ಕೊಳ್ಳುವವನು ಜೋಡಿಯನ್ನು ಒಡೆದು ಬೇರೆ ಬೇರೆ ಮಾರುತ್ತೇನೆ ಅಂದರೆ ನಾವು ಕೊಡಲ್ಲ, ಎಷ್ಟೇ ಹೇಳಲಿ. ಒಪ್ಪಿದರೆ ಹೊಸ ಹಗ್ಗ ಹಾಕಿ ಕೊಡುತ್ತೇವೆ, ಹಳೆಯದು ಮನೆಗೆ ಬರುತ್ತದೆ.

ವ್ಯಾಪಾರ ಆಗಲಿ ಬಿಡಲಿ, ದೇವಸ್ಥಾನಕ್ಕೆ ಹೋಗೇ ಹೋಗುತ್ತೇವೆ. ಮುಂದೆ ಸುಬ್ರಹ್ಮಣ್ಯ, ಹಿಂದೆ ಇರುವ ನರಸಿಂಹಸ್ವಾಮಿಯನ್ನು ಕನ್ನಡಿಯಲ್ಲಿ ನೋಡಬೇಕು. ಮನೆ ಮಕ್ಕಳನ್ನು ಎತ್ತಿ ತೋರಿಸುವುದು ಚಿಕ್ಕಪ್ಪನ ಪಾಲು.

ಇನ್ನೊಂದು ಮಾತು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ದನಗಳ ಜಾತ್ರೆಗಳಿಗೆ ನಿಷೇಧ ಬಂತು. ಬೇಜಾರಾಯಿತು ನಿಜ, ಆದರೆ ಮೈಮೇಲೆ ಗಂಟೆದ್ದ ದನಗಳನ್ನು ಕಣ್ಣಾರೆ ಕಂಡವರು ಯಾರೂ ಅದನ್ನು ತಪ್ಪು ಅನ್ನಲ್ಲ. ಲಸಿಕೆಯನ್ನು ಹೊರಡುವ ಹಿಂದಿನ ದಿನ ಹಾಕಿಸಬೇಡಿ, ಮೈಯಲ್ಲಿ ಶಕ್ತಿ ಬರಲು ಕೆಲವು ವಾರ ಬೇಕು. ಜಾತ್ರೆಯಿಂದ ವಾಪಸ್ ತಂದ ಹೋರಿಗಳನ್ನೂ ಸ್ವಲ್ಪ ದಿನ ಮನೆಯ ಬೇರೆ ದನಗಳಿಂದ ದೂರ ಕಟ್ಟಿ.